ಬದಲಾದದ್ದು ಹುಳುವಲ್ಲ, ಪೀಳಿಗೆ

ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ ಬಾದನಹಟ್ಟಿಯಂಥ ಊರುಗಳ ಎರೆ ಹೊಲಗಳಲ್ಲಿ ದೀಪಾವಳಿ ಕಳೆದ ಮೇಲೆ ಹತ್ತಿ ಗಿಡದಲ್ಲಿ ಹೂವು, ಹಸಿರು ಕಾಯಿ, ಅರಳಿದ ಹತ್ತಿ ಮೂರೂ ಒಟ್ಟಿಗೇ ಕಾಣುತ್ತವೆ. ಆಗ ಬಲಿತ ಒಂದು ಹಸಿರು ಕಾಯಿಯನ್ನು ಕಿತ್ತು ನೋಡಬೇಕು. ಹೊರಗೆ ತೂತಿಲ್ಲ, ಕಲೆಯಿಲ್ಲ. ಎರಡೂ ಹೆಬ್ಬೆರಳು ಒತ್ತಿ ಸೀಳಿದರೆ ಕೆಲವೊಮ್ಮೆ ಒಳಗಿನ ಒಂದು ಭಾಗ ಹಳದಿಗಟ್ಟಿರುತ್ತದೆ. ನಾರು ಬೀಜಕ್ಕೆ ಅಂಟಿ ಕೊಳೆತಂತಿರುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಲು ಗೋಡೆಯಲ್ಲಿ ಕೊರೆದ ಗುಂಡನೆಯ ಕಿಂಡಿ ಕಾಣುತ್ತದೆ. ಬೀಜದ ತಿರುಳು ತಿನ್ನುತ್ತ ಕುಳಿತ ಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದ. ಮೈಮೇಲೆ ಗುಲಾಬಿ ಪಟ್ಟೆಗಳು. ಇದೇ ಗುಲಾಬಿ ಕಾಯಿಕೊರಕ. ಮೊಟ್ಟೆಯೊಡೆದ ಕೂಡಲೇ ಎಳೆಯ ಕಾಯಿಯೊಳಗೆ ನುಗ್ಗುತ್ತದೆ. ಕಾಯಿ ಬೆಳೆದಂತೆ ಅದು ಒಳಹೊಕ್ಕ ತೂತು ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ಎಣ್ಣೆ, ಅಂದರೆ ಕೀಟನಾಶಕ, ಹೊಡೆದರೂ ಅದಕ್ಕೆ ತಾಗುವುದಿಲ್ಲ.

ಆದರೆ ಈ ಹುಳು ಇಲ್ಲಿ ಬದುಕಿರಲೇಬಾರದಿತ್ತು. ಯಾಕೆಂದರೆ ಬಿತ್ತಿದ್ದು ಬಿಟಿ ಹತ್ತಿ. ಮಣ್ಣಿನಲ್ಲಿರುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಕಾಯಿಕೊರಕಗಳ ಹೊಟ್ಟೆಗೆ ಅದು ವಿಷ. ಅದನ್ನು ತಯಾರಿಸುವ ಜೀನನ್ನು ಹತ್ತಿ ಗಿಡದಲ್ಲೇ ಸೇರಿಸಿದ ಬೀಜಕ್ಕೆ ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. 2006ರಲ್ಲಿ ಎರಡು ಬಗೆಯ ವಿಷವಿರುವ ಬೀಜ ಬಂತು. ಮೊದಲ ವರ್ಷಗಳಲ್ಲಿ ಕಾಯಿಕೊರಕ ಅಡಗಿತು. 2010ರಲ್ಲಿ ಗುಜರಾತಿನ ಅಮ್ರೇಲಿ, ಭಾವನಗರ ಮೊದಲಾದ ಜಿಲ್ಲೆಗಳಿಂದ ಸುದ್ದಿ ಬಂತು: ಮೊದಲ ವಿಷಕ್ಕೆ ಗುಲಾಬಿ ಕಾಯಿಕೊರಕ ಸಾಯುತ್ತಿಲ್ಲ. ಮತ್ತೆ ನಾಲ್ಕೈದು ವರ್ಷಗಳಲ್ಲಿ ಎರಡನೆಯ ವಿಷವೂ ಸೋತಿತು. 2017ರ ಹೊತ್ತಿಗೆ ಮಧ್ಯ ಮತ್ತು ದಕ್ಷಿಣ ಭಾರತದ ಹತ್ತಿ ಸೀಮೆಗಳಲ್ಲೂ ಎರಡೂ ವಿಷಗಳನ್ನು ತಿಂದು ಬದುಕುವ ಹುಳುಗಳಿದ್ದವು.

ಜೀವವಿಕಾಸ ಎಂದರೆ ಡೈನೊಸಾರ್, ಮಂಗ, ಗುಹಾಮಾನವ ಎಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಯಾವುದೋ ಕಾಲದಲ್ಲಿ ನಡೆದು ಮುಗಿದ ಸಂಗತಿಯಲ್ಲ. ಬಳ್ಳಾರಿ ಜಿಲ್ಲೆಯ ರೈತ ಪ್ರತಿ ಹಂಗಾಮಿನಲ್ಲೂ ಅದರ ಜೊತೆಗೇ ಗುದ್ದಾಡುತ್ತಿದ್ದಾನೆ.

ಒಗ್ಗಿಕೊಂಡದ್ದು ಯಾರು?

ಹುಳು ವಿಷಕ್ಕೆ ಒಗ್ಗಿಬಿಟ್ಟಿದೆ ಎಂದು ಊರ ಕಟ್ಟೆಯಲ್ಲೂ ಗೊಬ್ಬರದ ಅಂಗಡಿಯಲ್ಲೂ ಜನ ಹೇಳುತ್ತಾರೆ. ಕಂಡದ್ದನ್ನು ಹೇಳುವ ಮಾತು ಅದು, ಫಲಿತಾಂಶದ ಮಟ್ಟಿಗೆ ಸರಿಯೇ. ಆದರೆ ನಡೆದದ್ದು ಬೇರೆ. ಯಾವ ಒಂದು ಹುಳುವೂ ವಿಷವನ್ನು ಸ್ವಲ್ಪ ಸ್ವಲ್ಪವೇ ತಿಂದು ರೂಢಿ ಮಾಡಿಕೊಳ್ಳಲಿಲ್ಲ. ವಿಷ ತಾಗುವಂಥ ಹುಳು ಸ್ವಲ್ಪ ತಿಂದು ಸತ್ತಿತು. ತಾಗದಂಥದ್ದು ಹುಟ್ಟಿದಾಗಿನಿಂದಲೂ ಹಾಗೆಯೇ ಇತ್ತು.

ಮೊದಲ ಬಿಟಿ ವಿಷ ಕೆಲಸ ಮಾಡುವ ಬಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹುಳುವಿನ ಕರುಳಿನ ಗೋಡೆಯಲ್ಲಿ ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್ ಇರುತ್ತದೆ. ಬೀಗಕ್ಕೆ ಕೀಲಿ ಕೂರುವಂತೆ ವಿಷ ಅದಕ್ಕೆ ಬಂದು ಕೂತರೆ ಮಾತ್ರ ಕರುಳಿನಲ್ಲಿ ತೂತಾಗಿ ಹುಳು ಸಾಯುತ್ತದೆ. ಮನುಷ್ಯನ, ದನದ ಕರುಳಿನಲ್ಲಿ ಅಂಥ ಬೀಗವಿಲ್ಲ. ಇನ್ನು, ಜೀವಕೋಶ ತನ್ನ ಜೀನ್‌ಗಳ ಪ್ರತಿ ತೆಗೆಯುವಾಗ ಆಗೊಮ್ಮೆ ಈಗೊಮ್ಮೆ ತಪ್ಪು ಆಗುತ್ತದೆ. ಇದನ್ನೇ ಮ್ಯುಟೇಶನ್ ಎನ್ನುವುದು. ಕ್ಯಾಡ್‌ಹೆರಿನ್ ಜೀನ್‌ನಲ್ಲಿ ಅಂಥ ತಪ್ಪಾದರೆ ಬೀಗದ ಆಕಾರ ಕೆಡುತ್ತದೆ, ಕೀಲಿ ಕೂರುವುದಿಲ್ಲ. ಬಿಟಿ ಇಲ್ಲದ ಕಾಲದಲ್ಲಿ ಇದರಿಂದ ಹುಳುವಿಗೆ ಲಾಭವೇನೂ ಇರಲಿಲ್ಲ. ಬಿಟಿ ಹೊಲದಲ್ಲಿ ಅದೇ ತಪ್ಪು ಪ್ರಾಣ ಉಳಿಸಿತು.

ಮ್ಯುಟೇಶನ್‌ಗೆ ಗುರಿಯಿಲ್ಲ ಎಂಬುದಕ್ಕೂ ಈ ಹುಳುವೇ ಸಾಕ್ಷಿ. ಅಮೆರಿಕದ ಅರಿಜೋನಾದಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ, ವಿಷ ತಾಗದ ನಿರೋಧಕ ಹುಳುಗಳನ್ನೂ ಭಾರತದ ಹೊಲಗಳಿಂದ ತಂದವನ್ನೂ ವಿಜ್ಞಾನಿಗಳು ಹೋಲಿಸಿದರು. ಎರಡೂ ಕಡೆ ಕೆಟ್ಟದ್ದು ಅದೇ ಜೀನ್. ಆದರೆ ಕೆಟ್ಟ ಬಗೆ ಬೇರೆ ಬೇರೆ. ಭಾರತದ ಹುಳುಗಳಲ್ಲೇ ಹಲವು ಬಗೆಗಳಿದ್ದವು. ಯಾರೋ ಒಂದು ಉಪಾಯ ಹೂಡಿ ಎಲ್ಲ ಹುಳುಗಳಿಗೂ ಹಂಚಿದ್ದಲ್ಲ ಇದು. ಅಲ್ಲಲ್ಲಿ ತಾನಾಗಿ ಆದ ತಪ್ಪುಗಳಲ್ಲಿ ಬದುಕಿಸಿದವು ಮಾತ್ರ ಉಳಿದವು.

ಒಂದು ಲೆಕ್ಕ ಹಾಕೋಣ. ತಿಳಿಯಲಿಕ್ಕೆಂದು ಇದನ್ನು ಸರಳ ಮಾಡಿದ್ದೇನೆ. ಒಂದು ಲಕ್ಷ ಹುಳುಗಳಲ್ಲಿ 100 ಮಾತ್ರ ನಿರೋಧಕ, ಅಂದರೆ ಸಾವಿರಕ್ಕೊಂದು. ಉಳಿದವುಗಳಲ್ಲಿ ನೂರಕ್ಕೆ 95 ವಿಷಕ್ಕೆ ಸಾಯುತ್ತವೆ ಎಂದಿಟ್ಟುಕೊಳ್ಳಿ. ಬದುಕಿ ಉಳಿಯುವವು 4,995 ಸಾಧಾರಣ ಹುಳುಗಳು, 100 ನಿರೋಧಕ ಹುಳುಗಳು. ಸಾವಿರಕ್ಕೊಂದು ಇದ್ದದ್ದು ಒಂದೇ ಪೀಳಿಗೆಯಲ್ಲಿ ನೂರಕ್ಕೆ ಎರಡಾಯಿತು. ಇವುಗಳ ಮರಿಗಳು ಮತ್ತೆ ಲಕ್ಷಕ್ಕೆ ಏರಿ ಮತ್ತೆ ಅದೇ ವಿಷ ಉಂಡರೆ ನೂರಕ್ಕೆ ಸುಮಾರು 29. ಮೂರನೆಯ ಸಲಕ್ಕೆ ನೂರಕ್ಕೆ 89. ಗುಲಾಬಿ ಕಾಯಿಕೊರಕದ ಒಂದು ಪೀಳಿಗೆಗೆ ಬೇಕಾದದ್ದು ಒಂದು ತಿಂಗಳು, ಹೆಚ್ಚೆಂದರೆ ಇನ್ನೊಂದಿಷ್ಟು ದಿನ. ನಿಜವಾದ ಹೊಲದಲ್ಲಿ ಇಷ್ಟು ಬೇಗ ಆಗದು, ಹತ್ತಾರು ಅಡ್ಡಿಗಳಿವೆ. ಆದರೆ ದಾರಿ ಇದೇ.

ಈ ಲೆಕ್ಕದೊಳಗೆ ಮೂರು ಸಂಗತಿಗಳಿವೆ. ಒಂದೇ ಜಾತಿಯ ಜೀವಿಗಳ ನಡುವೆ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸ ಮಕ್ಕಳಿಗೆ ಬರುತ್ತದೆ. ಅದರಿಂದಾಗಿ ಕೆಲವಕ್ಕೆ ಹೆಚ್ಚು ಮಕ್ಕಳು ಉಳಿಯುತ್ತವೆ, ಕೆಲವಕ್ಕೆ ಕಡಿಮೆ. ಈ ಮೂರೂ ಕೂಡಿದ ಕಡೆ ಪೀಳಿಗೆ ಬದಲಾಗಲೇಬೇಕು. ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ 1858ರಲ್ಲಿ ಲೋಕದ ಮುಂದಿಟ್ಟ ನೈಸರ್ಗಿಕ ಆಯ್ಕೆಯ ತಿರುಳು ಇಷ್ಟೇ. ಬದಲಾವಣೆ ನಡೆಯುವುದು ಒಂದು ಜೀವಿಯ ಬಾಳಿನಲ್ಲಲ್ಲ, ಪೀಳಿಗೆಯಿಂದ ಪೀಳಿಗೆಗೆ ಬದಲಾಗುವ ಲೆಕ್ಕದಲ್ಲಿ.

ಒಂದೇ ಹುಳು, ಮೂರು ದೇಶ

ವಿಕಾಸದ ತತ್ವ ಬರೀ ಕಥೆಯಾಗಿದ್ದರೆ ಅದರಿಂದ ಮುಂದಾಗುವುದನ್ನು ಹೇಳಲು ಆಗುತ್ತಿರಲಿಲ್ಲ. ಹುಳು ಹೀಗೆ ನಿರೋಧಕವಾಗಬಹುದೆಂದು ವಿಜ್ಞಾನಿಗಳು ಮೊದಲೇ ಹೇಳಿದ್ದರು. ಬಿಟಿ ಬೀಜದ ಜೊತೆಗೇ ಒಂದಿಷ್ಟು ಸಾದಾ ಹತ್ತಿಯನ್ನೂ ಬಿತ್ತಬೇಕೆಂಬ ನಿಯಮ ಮಾಡಿದ್ದು ಅದಕ್ಕೇ. ನಮ್ಮಲ್ಲಿ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ನಾನ್-ಬಿಟಿ ಬೀಜದ ಪ್ಯಾಕೆಟ್ ಕೊಡುತ್ತಿದ್ದರು. ಹೊಲದ ಸುತ್ತ ಕನಿಷ್ಠ ಐದು ಸಾಲು ಇಲ್ಲವೇ ಹೊಲದ ಐದನೇ ಒಂದು ಭಾಗ ಈ ಆಶ್ರಯ ಬೆಳೆ ಇರಬೇಕಿತ್ತು.

ಹುಳುವಿಗೆ ಆಶ್ರಯ ಕೊಡುವುದು ಯಾಕೆ? ಪ್ರತಿ ಹುಳುವಿಗೂ ಪ್ರತಿ ಜೀನ್‌ನ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎರಡೂ ಕೆಟ್ಟಿದ್ದರೆ ಮಾತ್ರ ಹುಳು ವಿಷವನ್ನು ತಾಳುತ್ತದೆ. ಒಂದು ಸರಿಯಿದ್ದರೂ ಸಾಯುತ್ತದೆ. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿಯೂ ನಡೆಯುತ್ತದೆ. ಬಿಟಿ ಹೊಲದಲ್ಲಿ ಬದುಕಿ ಪತಂಗವಾದ ಅಪರೂಪದ ಹುಳುವಿಗೆ ಪಕ್ಕದ ಸಾದಾ ಹತ್ತಿಯಿಂದ ಬಂದ ನೂರಾರು ಸಾಧಾರಣ ಪತಂಗಗಳಲ್ಲಿ ಒಂದು ಜೋಡಿಯಾಗುತ್ತದೆ. ಮರಿಗಳಿಗೆ ಒಂದು ಪ್ರತಿ ಸರಿಯಾದದ್ದೇ ಸಿಗುತ್ತದೆ. ಬಿಟಿ ತಿಂದರೆ ಅವು ಉಳಿಯುವುದಿಲ್ಲ. ಸಾದಾ ಹತ್ತಿಯೇ ಇಲ್ಲದ ಕಡೆ ಬದುಕಿದ್ದಕ್ಕೆ ಬದುಕಿದ್ದೇ ಜೋಡಿ.

ಅರಿಜೋನಾದಲ್ಲಿ ರೈತರು ಸಾದಾ ಹತ್ತಿಯನ್ನು ನಿಯಮದಂತೆ ಬಿತ್ತಿದರು. ನಂತರ ಸಂತಾನಶಕ್ತಿ ಕಳೆದ ಪತಂಗಗಳನ್ನು ಕೋಟಿಗಟ್ಟಲೆ ಹಾರಿಬಿಟ್ಟರು. ಅಮೆರಿಕದ ಹತ್ತಿ ಸೀಮೆಯಿಂದ ಗುಲಾಬಿ ಕಾಯಿಕೊರಕ ನಿರ್ನಾಮವಾಯಿತೆಂದು 2018ರಲ್ಲಿ ಅಲ್ಲಿನ ಸರ್ಕಾರ ಘೋಷಿಸಿತು. ಚೀನಾದ ಯಾಂಗ್ಟ್ಸಿ ಕಣಿವೆಯಲ್ಲಿ ಇನ್ನೊಂದು ರೀತಿ ಆಯಿತು. ಹೈಬ್ರಿಡ್‌ನ ಎರಡನೆಯ ಪೀಳಿಗೆಯ ಅಗ್ಗದ ಬೀಜವನ್ನು ಅಲ್ಲಿನ ರೈತರು ಬಿತ್ತತೊಡಗಿದರು. ಅದರಲ್ಲಿ ನಾಲ್ಕಕ್ಕೊಂದು ಗಿಡ ಬಿಟಿ ಇಲ್ಲದ್ದು. ಯಾರೂ ಯೋಜಿಸದೆ ಹೊಲದ ತುಂಬ ಆಶ್ರಯ ಬೆಳೆ ಹರಡಿತು. ಏರುತ್ತಿದ್ದ ನಿರೋಧಕತೆ ಇಳಿಮುಖವಾಯಿತು. ನಮ್ಮಲ್ಲಿ ಆ ಚಿಕ್ಕ ಪ್ಯಾಕೆಟ್ ಬಹುಮಟ್ಟಿಗೆ ಬಿತ್ತದೇ ಉಳಿಯಿತು. ಸಾಲ ತಂದು ಬಿತ್ತುವವನಿಗೆ ಹೊಲದ ಐದನೇ ಒಂದು ಭಾಗವನ್ನು ಹುಳುವಿಗೆ ಬಿಡು ಎಂದರೆ ಅದರ ಕಾರಣವನ್ನೂ ಹೇಳಬೇಕಿತ್ತು. ಕಾರಣ ಅವನವರೆಗೆ ತಲುಪಲಿಲ್ಲ. ಈಗ ಬಿಟಿ ಬೀಜದೊಳಗೇ ಸಾದಾ ಬೀಜ ಬೆರೆಸಿ ಕೊಡುವ ಪದ್ಧತಿ ಬಂದಿದೆ.

ಅದೇ ಹುಳು, ಅದೇ ವಿಷ. ಮೂರು ಕಡೆ ಆಯ್ಕೆಯ ಒತ್ತಡ ಬೇರೆ, ಹಾಗಾಗಿ ಫಲವೂ ಬೇರೆ. ಡಿಸೆಂಬರ್ ಕೊನೆಯೊಳಗೆ ಹತ್ತಿ ಬಿಡಿಸಿ ಮುಗಿಸಿ, ಗಿಡ ಕಿತ್ತು ಹೊಲ ಬಿಡುವು ಮಾಡಿ, ಮೋಹಕ ಬಲೆ ಹಾಕಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದರ ಹಿಂದೆಯೂ ಇದೇ ತಿಳಿವು ಇದೆ. ಕಾಯಿ ಸಿಗುವಷ್ಟು ದಿನವೂ ಹುಳು ಪೀಳಿಗೆಯ ಮೇಲೆ ಪೀಳಿಗೆ ಹೆಚ್ಚಿಸುತ್ತದೆ. ಬೆಳೆ ಮುಗಿದರೆ ಆ ಸರಣಿ ತುಂಡಾಗುತ್ತದೆ.

ಹುರುಳಿಯ ಸಿಪ್ಪೆ

ಹುಳು ಹತ್ತು ವರ್ಷಗಳಲ್ಲಿ ತೋರಿಸಿದ್ದನ್ನು ಇದೇ ಸೀಮೆಯ ಒಂದು ಕಾಳು ನೂರಾರು ವರ್ಷಗಳ ಅವಧಿಯಲ್ಲಿ ತೋರಿಸಿದೆ. ಅದು ಹುರುಳಿ.

ಬಳ್ಳಾರಿ ಪಕ್ಕದ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಕುರುಗೋಡು, ಈ ಬೆಟ್ಟಗಳಲ್ಲೆಲ್ಲ ನವಶಿಲಾಯುಗದ ಜನರ ನೆಲೆಗಳಿದ್ದವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಇಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿ ಬಂದ ಕರಕಲು ಕಾಳುಗಳನ್ನು ಸೋಸಿ ತೆಗೆದರು. ಹುರುಳಿ, ಹೆಸರು, ಕೊರಲೆ ಅದರಲ್ಲಿ ಮುಖ್ಯವಾಗಿದ್ದವು. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಬೆಟ್ಟಗಳ ಜನ ಬೆಳೆದು ಉಂಡದ್ದು ಇವನ್ನೇ. ತುಂಗಭದ್ರೆಯ ಕಾಲುವೆಗಳು ಬಂದು ಭತ್ತದ ಗದ್ದೆಗಳಾದದ್ದು ಮೊನ್ನೆ ಮೊನ್ನೆ.

ಕಾಡು ಹುರುಳಿಯ ಬೀಜಕ್ಕೆ ದಪ್ಪ ಸಿಪ್ಪೆ. ಮಳೆ ಬಿದ್ದ ಕೂಡಲೇ ನೀರು ಒಳಗಿಳಿಯುವುದಿಲ್ಲ. ಒಂದು ಗಿಡದ ಬೀಜಗಳಲ್ಲಿ ಕೆಲವು ಈ ವರ್ಷ ಮೊಳೆತರೆ ಕೆಲವು ಮುಂದಿನ ವರ್ಷ, ಇನ್ನು ಕೆಲವು ಅದರಾಚೆ. ಮಳೆ ನಂಬಲಾಗದ ಈ ಬಯಲುಸೀಮೆಯಲ್ಲಿ ಅದು ಜಾಣತನವೇ. ಎಲ್ಲವೂ ಒಂದೇ ಸಲ ಮೊಳೆತು ಮಳೆ ಕೈಕೊಟ್ಟರೆ ವಂಶವೇ ಇಲ್ಲವಾಗುತ್ತದೆ. ಆದರೆ ಮನುಷ್ಯ ಬಿತ್ತತೊಡಗಿದ ಮೇಲೆ ಲೆಕ್ಕ ತಿರುವುಮುರುವಾಯಿತು. ಬಿತ್ತಿದ ಬೀಜಗಳಲ್ಲಿ ಬೇಗ ಮೊಳೆತವು ಬೆಳೆದವು, ಒಕ್ಕಣೆಯಾಗಿ ಮನೆ ಸೇರಿದವು, ಮುಂದಿನ ವರ್ಷದ ಬಿತ್ತನೆಗೂ ಅವೇ ಸಿಕ್ಕವು. ಮಣ್ಣಿನಲ್ಲೇ ಮಲಗಿದ ದಪ್ಪ ಸಿಪ್ಪೆಯವು ಗಡಿಗೆಗೆ ಬರಲೇ ಇಲ್ಲ. ಸಿಪ್ಪೆ ತೆಳುವಾದದ್ದನ್ನು ಯಾರೂ ಆರಿಸಲಿಲ್ಲ, ಯಾರ ಕಣ್ಣಿಗೂ ಅದು ಕಾಣುವಂಥದ್ದಲ್ಲ. ಬಿತ್ತುವುದು ಮತ್ತು ಕೊಯ್ಯುವುದು, ಇವೆರಡೇ ಕೆಲಸಗಳು ಆಯ್ಕೆ ಮಾಡಿದವು.

ಇದು ಊಹೆಯಲ್ಲ. ಚಾರ್ಲೀನ್ ಮರ್ಫಿ ಮತ್ತು ಫುಲ್ಲರ್ ದಕ್ಷಿಣ ಭಾರತದ ಪ್ರಾಚೀನ ನೆಲೆಗಳ ಕರಕಲು ಹುರುಳಿಯನ್ನು ಇಂಗ್ಲೆಂಡಿನ ಸಿಂಕ್ರೊಟ್ರಾನ್ ಯಂತ್ರದ ತೀವ್ರ ಎಕ್ಸ್-ರೇಗೆ ಒಡ್ಡಿ, ಕಾಳು ಒಡೆಯದೆಯೇ ಸಿಪ್ಪೆಯ ದಪ್ಪವನ್ನು ಅಳೆದರು. 2017ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು. ಕ್ರಿ.ಪೂ. 2000ದಿಂದ ಕ್ರಿ.ಪೂ. 1200ರ ನಡುವೆ ಸಿಪ್ಪೆ ದಪ್ಪದಿಂದ ನಡುಮಟ್ಟಕ್ಕೆ, ಅಲ್ಲಿಂದ ತೆಳುವಿಗೆ ಹಂತಹಂತವಾಗಿ ಇಳಿದಿತ್ತು. ದ್ವಿದಳ ಧಾನ್ಯವೊಂದರ ಸಿಪ್ಪೆ ತೆಳುವಾದ ವೇಗವನ್ನು ಉತ್ಖನನದ ಕಾಳುಗಳಲ್ಲೇ ನೇರವಾಗಿ ಅಳೆದದ್ದು ಅದೇ ಮೊದಲು. ತೆಳು ಸಿಪ್ಪೆಯ ಕಾಳುಗಳನ್ನು ಜನ ಕಾಡಿನಿಂದಲೇ ಆರಿಸಿ ತಂದಿರಬೇಕೆಂಬ ಹಳೆಯ ತರ್ಕ ಅಲ್ಲಿಗೆ ಸಡಿಲವಾಯಿತು. ಡಾರ್ವಿನ್ 1859ರ ತನ್ನ ಗ್ರಂಥದ ಮೊದಲ ಅಧ್ಯಾಯವನ್ನು ಸಾಕುಪ್ರಾಣಿ ಮತ್ತು ಬೆಳೆಗಳಿಂದಲೇ ಶುರು ಮಾಡಿದ್ದ. ಅರಿವಿಲ್ಲದೆಯೂ ಆಯ್ಕೆ ನಡೆಯುತ್ತದೆ ಎಂದು ಅವನು ವಾದಿಸಿದ್ದಕ್ಕೆ ನಮ್ಮ ಮನೆಯ ಹುರುಳಿ ಸಾರಿನ ಕಾಳಿಗಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಒಂದು ಹಲವಾಗುವ ಬಗೆ

ಸಿಪ್ಪೆ ತೆಳುವಾದ ಮಾತ್ರಕ್ಕೆ ಹುರುಳಿ ಬೇರೆ ಜಾತಿಯಾಗಲಿಲ್ಲ, ವಿಷ ತಾಳಿದ ಹುಳುವೂ ಕಾಯಿಕೊರಕವೇ. ಹಾಗಾದರೆ ಭೂಮಿಯ ಮೇಲೆ ಇಷ್ಟೊಂದು ಬಗೆಯ ಜೀವಿಗಳು ಬಂದದ್ದು ಹೇಗೆ? ಮತ್ತೆ ಹತ್ತಿ ಹೊಲಕ್ಕೇ ಬರೋಣ.

ಜಗತ್ತಿನಲ್ಲಿ ಹತ್ತಿಯ ಕುಲಕ್ಕೆ ಸೇರಿದ ಸುಮಾರು 50 ಪ್ರಭೇದಗಳಿವೆ. ಒಂದೇ ಮೂಲದ ಗಿಡಗಳು ಬೇರೆ ಬೇರೆ ಖಂಡಗಳಿಗೆ ಹಂಚಿಹೋದವು. ನಡುವೆ ಸಮುದ್ರ ಬಂದರೆ ಇತ್ತಲಿನ ಪರಾಗ ಅತ್ತ ಹೋಗುವುದಿಲ್ಲ. ಒಂದು ಕಡೆ ಆದ ಮ್ಯುಟೇಶನ್ ಇನ್ನೊಂದು ಕಡೆಗೆ ತಲುಪುವುದಿಲ್ಲ. ಹವೆ, ಮಣ್ಣು, ಕೀಟ ಬೇರೆಯಾದ್ದರಿಂದ ಆಯ್ಕೆಯೂ ಬೇರೆ. ಲಕ್ಷಾಂತರ ವರ್ಷ ಹೀಗೆ ಬೇರೆ ಬೇರೆಯಾಗಿ ಬಾಳಿದ ಎರಡು ಗುಂಪುಗಳು ಮತ್ತೆ ಎದುರಾದಾಗ ಕೂಡಿ ಸಂತಾನ ಪಡೆಯಲಾರದಷ್ಟು ದೂರವಾಗಿರುತ್ತವೆ. ಬಹುಪಾಲು ಹೊಸ ಪ್ರಭೇದಗಳು ಹುಟ್ಟುವುದು ಹೀಗೆ.

ಬಳ್ಳಾರಿಯ ಎರೆಯಲ್ಲಿ ಹಿಂದೆ ಬೆಳೆಯುತ್ತಿದ್ದದ್ದು ದೇಸಿ ಹತ್ತಿ, ಗಾಸಿಪಿಯಮ್ ಹರ್ಬೇಸಿಯಮ್. ಬ್ರಿಟಿಷರ ಕಾಲದಲ್ಲೇ ಶುರುವಾದ ಹಗರಿಯ ಸಂಶೋಧನಾ ಕೇಂದ್ರ ಇದರ ತಳಿಗಳ ಮೇಲೆ ಕೆಲಸ ಮಾಡಿತ್ತು. ಈ ದೇಸಿ ಹತ್ತಿಯ ವರ್ಣತಂತುಗಳು 26. ಈಗ ಬೆಳೆಯುವ ಹೈಬ್ರಿಡ್‌ಗಳು ಮೆಕ್ಸಿಕೊ ಮೂಲದ ಹಿರ್ಸುಟಮ್ ಜಾತಿಯವು, ವರ್ಣತಂತು 52. ಎರಡನ್ನೂ ಕೂಡಿಸಿದರೆ ಒಂದರಿಂದ 13, ಇನ್ನೊಂದರಿಂದ 26 ಸೇರಿ ಮರಿಗಿಡಕ್ಕೆ 39 ಬರುತ್ತವೆ. ಜೋಡಿ ಕೂಡುವುದಿಲ್ಲ, ಗಿಡ ಬಂಜೆ. ಅದೇ ಹಿರ್ಸುಟಮನ್ನು ಅದರಂತೆಯೇ 52 ವರ್ಣತಂತುಗಳ, ದಕ್ಷಿಣ ಅಮೆರಿಕದ ಬಾರ್ಬಡೆನ್ಸ್ ಜೊತೆ ಕೂಡಿಸಿದರೆ ಬೀಜ ಕಟ್ಟುತ್ತದೆ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ಹಾಗೆ ಕೂಡಿಸಿ ತಂದ ವರಲಕ್ಷ್ಮಿ ಕರ್ನಾಟಕದ ಹತ್ತಿ ರೈತರ ಮನೆಮಾತಾಯಿತು. ಹತ್ತಿರದ ನೆಂಟರು ಕೂಡುತ್ತಾರೆ, ದೂರದವರು ಕೂಡುವುದಿಲ್ಲ. ಪ್ರಭೇದಗಳ ನಡುವಿನ ಗೋಡೆ ಒಮ್ಮೆಲೇ ಎದ್ದದ್ದಲ್ಲ, ಕಾಲ ಕಳೆದಂತೆ ಎತ್ತರವಾದದ್ದು.

52 ವರ್ಣತಂತು ಎಲ್ಲಿಂದ ಬಂದವು? ಹತ್ತಿಯ ಜೀನ್‌ಗಳೇ ಉತ್ತರ ಹೇಳುತ್ತವೆ. ಅವುಗಳಲ್ಲಿ ಅರ್ಧ ಭಾಗ ಆಫ್ರಿಕಾ-ಏಷ್ಯಾದ ಹತ್ತಿಯನ್ನು, ಅಂದರೆ ನಮ್ಮ ದೇಸಿ ಹತ್ತಿಯ ಬಳಗವನ್ನು ಹೋಲುತ್ತದೆ. ಇನ್ನರ್ಧ ಪೆರುವಿನ ಕಾಡು ಹತ್ತಿಯನ್ನು ಹೋಲುತ್ತದೆ. ಹತ್ತರಿಂದ ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಮನುಷ್ಯ ಬೇಸಾಯ ಕಲಿಯುವುದಕ್ಕೆ ಎಷ್ಟೋ ಮೊದಲು, ಹಳೆಯ ಜಗತ್ತಿನ ಬೀಜ ಸಮುದ್ರ ದಾಟಿ ಅಮೆರಿಕ ಸೇರಿ ಅಲ್ಲಿನ ಹತ್ತಿಯೊಂದಿಗೆ ಕೂಡಿತು. ಹುಟ್ಟಿದ ಗಿಡದ 26 ವರ್ಣತಂತುಗಳೂ ಇಮ್ಮಡಿಯಾಗಿ 52 ಆದವು. ಆಗ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿತು, ಬೀಜ ಕಟ್ಟಿತು. ಹೊಸ ಪ್ರಭೇದ ಹುಟ್ಟಿತು. ಇಂದು ಜಗತ್ತು ಉಡುವ ಹತ್ತಿಯ ಬಹುಪಾಲು ಅದರ ಸಂತತಿ.

ಬಿಟಿ ಹತ್ತಿ ಇನ್ನೂ ದೊಡ್ಡ ಒಂದು ಸತ್ಯಕ್ಕೆ ಸಾಕ್ಷಿ. ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಹತ್ತಿ ಗಿಡದೊಳಗೆ ಕೆಲಸ ಮಾಡುವುದಾದರೂ ಹೇಗೆ? ಆ ಜೀನ್ ಬರೆದಿರುವ ಲಿಪಿಯನ್ನು ಗಿಡವೂ ಓದಬಲ್ಲದು, ಅದಕ್ಕೆ. ಬ್ಯಾಕ್ಟೀರಿಯಾ, ಹತ್ತಿ, ಕಾಯಿಕೊರಕ, ಅದನ್ನು ಹಿಡಿಯುವ ಹಕ್ಕಿ, ಬಿತ್ತುವ ಮನುಷ್ಯ, ಎಲ್ಲರ ಡಿಎನ್‌ಎಯಲ್ಲೂ ಅವೇ ನಾಲ್ಕು ಅಕ್ಷರ, ಹೆಚ್ಚುಕಡಿಮೆ ಅದೇ ಸಂಕೇತ. ನಾವೆಲ್ಲ ಒಂದೇ ಮೂಲದಿಂದ ಕವಲೊಡೆದು ಬಂದವರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಇನ್ನೇನು ಬೇಕು? ಅದಕ್ಕೆ ಸಮಯವೂ ಧಾರಾಳವಾಗಿತ್ತು. ಬಳ್ಳಾರಿ ಸೀಮೆಯ ಗ್ರಾನೈಟ್ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯವು. ಆ ಕಲ್ಲು ಗಟ್ಟಿಯಾಗುವ ಹೊತ್ತಿಗೇ ಭೂಮಿಯಲ್ಲಿ ಜೀವ ಹುಟ್ಟಿ ನೂರು ಕೋಟಿ ವರ್ಷಗಳಾಗಿದ್ದವು. ಹುಳುವನ್ನು ಹತ್ತು ವರ್ಷಗಳಲ್ಲಿ, ಹುರುಳಿಯನ್ನು ಎಂಟುನೂರು ವರ್ಷಗಳಲ್ಲಿ ಬದಲಿಸಿದ ಕ್ರಿಯೆಗೆ ಇಷ್ಟು ಕಾಲ ಸಿಕ್ಕರೆ ಹುಲ್ಲಿನಿಂದ ಆಲದವರೆಗೆ, ನೊಣದಿಂದ ಆನೆಯವರೆಗೆ ಬಗೆಬಗೆಯ ಬಾಳು ಬಂದದ್ದರಲ್ಲಿ ಅಚ್ಚರಿಯಿಲ್ಲ.

ಯಾರಿಗೆ ಬೇಕು ಈ ಪಾಠ?

2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಪಾಠ ಬರೀ 'ಅನುವಂಶೀಯತೆ' ಆಯಿತು. ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಇದನ್ನು ವಿರೋಧಿಸಿದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಇದೆ ಎಂಬ ಸಮಾಧಾನ ಹೇಳಲಾಯಿತು. ಆದರೆ ಅಲ್ಲಿಯವರೆಗೆ ಜೀವಶಾಸ್ತ್ರ ಓದುವ ಮಕ್ಕಳು ಎಷ್ಟು? ಹತ್ತನೇ ತರಗತಿ ಮುಗಿಸಿ ಕಲಾ ವಿಭಾಗಕ್ಕೋ ವಾಣಿಜ್ಯಕ್ಕೋ ಹೋಗುವ, ಇಲ್ಲವೇ ನೇರ ಹೊಲಕ್ಕೇ ಇಳಿಯುವ ಮಗುವಿಗೆ ಈ ತಿಳಿವು ಸಿಗುವ ಕೊನೆಯ ಅವಕಾಶ ಅದಾಗಿತ್ತು.

ಮುಂದೆ ಆ ಮಗುವೇ ಹೊಸ ಎಣ್ಣೆ ಕೊಳ್ಳುತ್ತದೆ, ಹೊಸ ಬೀಜ ಬಿತ್ತುತ್ತದೆ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಪೂರ್ತಿ ನುಂಗಬೇಕೋ ಅರ್ಧಕ್ಕೆ ಬಿಡಬೇಕೋ ಎಂದು ತೀರ್ಮಾನಿಸುತ್ತದೆ. ಒಂದೇ ವಿಷವನ್ನು ಎಲ್ಲರೂ ಎಲ್ಲ ಕಡೆ ಸತತವಾಗಿ ಬಳಸಿದರೆ ಅದನ್ನು ಗೆಲ್ಲುವ ಪೀಳಿಗೆಯನ್ನು ನಾವೇ ಆರಿಸಿ ಬೆಳೆಸುತ್ತೇವೆ. ಕಾಯಿಕೊರಕಕ್ಕೂ ರೋಗಾಣುವಿಗೂ ಈ ನಿಯಮ ಒಂದೇ. ಹೊಸ ವಿಷ ಕಂಡುಹಿಡಿಯಲು ಹಣ ಬೇಕು, ಪ್ರಯೋಗಾಲಯ ಬೇಕು, ಹತ್ತಾರು ವರ್ಷ ಬೇಕು. ಇರುವ ವಿಷ ಹೆಚ್ಚು ಕಾಲ ಬಾಳುವಂತೆ ನೋಡಿಕೊಳ್ಳಲು ತಿಳಿವು ಸಾಕು. ಅರಿಜೋನಾದ ರೈತ ಹುಳುವನ್ನು ಗೆದ್ದದ್ದು ಹೆಚ್ಚು ವಿಷ ಸುರಿದಲ್ಲ, ಹುಳುವಿನ ಪೀಳಿಗೆ ಯಾವ ದಾರಿಯಲ್ಲಿ ಬದಲಾಗುತ್ತದೆ ಎಂದು ತಿಳಿದು ಆ ದಾರಿಗೆ ಅಡ್ಡ ನಿಂತು. ಬಾದನಹಟ್ಟಿಯ ರೈತನಿಗೂ ಆ ತಿಳಿವಿನ ಹಕ್ಕಿದೆ. ಅದನ್ನು ಅವನ ಶಾಲೆಯ ಪುಸ್ತಕದಲ್ಲೇ, ಅವನ ಹೊಲದ ಉದಾಹರಣೆಯಿಂದಲೇ, ಅವನ ಭಾಷೆಯಲ್ಲೇ ಕೊಡಬೇಕು.